ಸೂಜಿ ಆದ ಮೇಲಿನ ಅರ್ಧ ತಾಸು

ಆ ಗುರುವಾರ ವಿಶೇಷವೇನೂ ನಡೆಯಲಿಲ್ಲ. ಬೆಳಗ್ಗೆ ನನ್ನ ಹೆಂಡತಿ ಗಿರಿಜಾ ರೊಟ್ಟಿ ಬಡಿದು, ಬದನೆಕಾಯಿ ಪಲ್ಯ ಮಾಡಿ, ನನ್ನ ಪಾಲು ಮುಚ್ಚಿಟ್ಟು, ತನ್ನ ಪಾಲನ್ನು ಡಬ್ಬಿಗೆ ಹಾಕಿಕೊಂಡು, ತಾನು ಸಿಸ್ಟರ್ ಆಗಿದ್ದ ಆರೋಗ್ಯ ಉಪಕೇಂದ್ರಕ್ಕೆ ಹೋದಳು. ನಾನು ಹಿಟ್ಟಿನ ಗಿರಣಿಗೆ ಬೀಗ ಹಾಕಿ ಅವಳ ಹಿಂದೆ ಹೋದೆ. ಮಧ್ಯಾಹ್ನ ಇಳಿಯುವವರೆಗೂ ಕೂಸುಗಳು ಅತ್ತವು, ಸುಮ್ಮನಾದವು, ಮನೆಗೆ ಹೋದವು. ಸಂಜೆ ಬಂದು ನೋಡಿದರೆ ಡಬ್ಬಿ ತುಂಬಿದಂತೆಯೇ ಇತ್ತು. ಅದೂ ವಿಶೇಷವಲ್ಲ. ಗುರುವಾರದ ಡಬ್ಬಿಯನ್ನು ಅವಳು ಬಿಚ್ಚುತ್ತಿದ್ದದ್ದೇ ಮನೆಗೆ ಬಂದ ಮೇಲೆ. ಗಟ್ಟಿಯಾದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಮುರಿದು ಹಾಕಿಕೊಂಡು ತಿನ್ನುತ್ತ ಅಂದಳು:

"ಬರೋ ಗುರುವಾರ ಡಾಕ್ಟರ್ ಸಾಹೇಬ್ರು ಬ್ಯಾರೆ ಸಿಸ್ಟರ್‌ನ ಕಳಸ್ತೇನಿ ಅಂದಾರ್ರಿ. ನಾವಿಬ್ರೂ ಸವಣೂರಿಗೆ ಹೋಗೂಣು."

"ಖರೇನ?"

"ಖರೇನ. ಚಿನ್ನೂನ ತೊಡಿ ಮ್ಯಾಲೆ ಹಾಕ್ಕೊಂಡು ನಾ ಕುಂದರತೇನಿ. ಬ್ಯಾರೇದಾಕಿ ಸೂಜಿ ಮಾಡ್ಲಿ, ನಾ ನೋಡ್ತೇನಿ."

ಚಿನ್ನು ನಮ್ಮ ಮೊಮ್ಮಗಳು. ಮಗಳು ಸುಮಾಳನ್ನು ಸವಣೂರಿಗೆ ಕೊಟ್ಟಿದ್ದೇವೆ. ಕೂಸಿಗೆ ಒಂದೂವರೆ ವರ್ಷದ ಲಸಿಕೆ ಬಾಕಿ ಇತ್ತು. ಊರಿನ ಮಕ್ಕಳಿಗೆಲ್ಲ ಸೂಜಿ ಹಾಕುವ ಗಿರಿಜಾ ಸ್ವಂತ ಮೊಮ್ಮಗಳ ಒಂದು ಸೂಜಿಗೂ ಹತ್ತಿರ ಇದ್ದವಳಲ್ಲ. ಕಾರಣ ಬಹಳ ಸರಳ. ಲಸಿಕೆಯ ದಿನ ಎಲ್ಲ ಕಡೆಯೂ ಗುರುವಾರ. ನಮ್ಮೂರಲ್ಲಿ ಗುರುವಾರವಾದಾಗ ಸವಣೂರಿನಲ್ಲೂ ಗುರುವಾರವೇ ಆಗಿರುತ್ತದೆ.

ಮರುದಿನ ಬೆಳಗ್ಗೆ ಒಲೆಯ ಮುಂದೆ ನಿಂತವಳು ಎದೆ ಹಿಡಿದುಕೊಂಡು ಕುಳಿತಳು. ಹುಬ್ಬಳ್ಳಿಗೆ ಕರೆದುಕೊಂಡು ಹೊರಟೆವು. ದಾರಿಯಲ್ಲಿ ತಡಸ ದಾಟಿದ ಮೇಲೆ ಅವಳು ಮತ್ತೆಂದೂ ಮಾತಾಡಲಿಲ್ಲ. ಅದರ ಬಗ್ಗೆ ಇಷ್ಟು ಸಾಕು.

ಇದನ್ನೆಲ್ಲ ಈಗ ಬರೆಯಲು ಕುಳಿತದ್ದು ಒಂದು ಗಡಿಯಾರದಿಂದ. ಮೊನ್ನೆ ಉಪಕೇಂದ್ರಕ್ಕೆ ಸುಣ್ಣ ಬಳಿದರು. ಗೋಡೆಯ ಮೇಲಿದ್ದ ಗಡಿಯಾರವನ್ನು ಇಳಿಸಿ, "ಇದು ನಿಮ್ದಂತಲ್ರಿ ಕಾಕಾರ" ಎಂದು ಯಾರೋ ಗಿರಣಿಯಲ್ಲಿಟ್ಟು ಹೋದರು. ನನ್ನದೇ ಅದು. ಗಿರಣಿಯ ಗೋಡೆಯ ಮೇಲೆ ಬಹಳ ವರ್ಷ ಇದ್ದದ್ದನ್ನು ಗಿರಿಜಾ ಒಂದು ದಿನ ಕೇಳದೆಯೇ ಒಯ್ದು ಕೇಂದ್ರದ ಪಡಸಾಲೆಯಲ್ಲಿ ತೂಗುಹಾಕಿದ್ದಳು. "ನಿಮಗ್ಯಾಕ ಗಡಿಯಾರ? ಜ್ವಾಳ ತೀರಿದ್ರ ಗಿರಣಿ ನಿಲ್ಲತೈತಿ," ಅಂದಿದ್ದಳು. ಒಳಗೆ ಜೋಳದ ಹಿಟ್ಟು ಹೊಕ್ಕು ಅದು ಸ್ವಲ್ಪ ನಿಧಾನ. ಹಾಗಾಗಿ ನಮ್ಮೂರ ಅರ್ಧ ತಾಸು ಬೇರೆ ಊರಿನ ಅರ್ಧ ತಾಸಿಗಿಂತ ಉದ್ದವಿರುತ್ತಿತ್ತು. ಅವಸರದ ಹೆಣ್ಣುಮಕ್ಕಳು, "ಕಾಕಾರ, ನಿಮ್ಮ ಗಡಿಯಾರಕ್ಕೂ ಒಂದು ಸೂಜಿ ಮಾಡ್ಸ್ರಿ," ಎಂದು ಚಾಷ್ಟಿ ಮಾಡುತ್ತಿದ್ದರು.

ಮಕ್ಕಳಿರುವವರಿಗೆ ಈ ಅರ್ಧ ತಾಸು ಗೊತ್ತಿರುತ್ತದೆ. ಸೂಜಿ ಹಾಕಿದ ಕೂಡಲೇ ಕೂಸನ್ನು ಎತ್ತಿಕೊಂಡು ನಡೆಯುವಂತಿಲ್ಲ. ಮೈಮೇಲೆ ಏನಾದರೂ ಏಳುತ್ತದೆಯೋ, ಉಸಿರು ನೆಟ್ಟಗಿದೆಯೋ ನೋಡಿಕೊಂಡು ಅರ್ಧ ತಾಸು ಅಲ್ಲೇ ಕುಳಿತಿರಬೇಕು. ಬಹುತೇಕ ಏನೂ ಆಗುವುದಿಲ್ಲ. ಏನೂ ಆಗದ್ದನ್ನು ಕುಳಿತು ನೋಡುವುದೇ ಆ ಕೆಲಸ. ನೋಡಬೇಕಾದವಳು ಗಿರಿಜಾ, ಆದರೆ ಅವಳು ಒಳಗಿನ ಕೋಣೆಯಲ್ಲಿ ಮುಂದಿನ ಕೂಸಿನ ತೊಡೆ ಹಿಡಿದಿರುತ್ತಾಳೆ. ಆಶಾ ಕಾರ್ಯಕರ್ತೆ ಇನ್ನೂ ಬಾರದವರನ್ನು ಕರೆಯಲು ಓಣಿ ಓಣಿ ತಿರುಗುತ್ತಿರುತ್ತಾಳೆ. ಹೊರಗೆ ಪಡಸಾಲೆಯಲ್ಲಿ ಕುಳಿತವರನ್ನು ಕಾಯುವವರಿಲ್ಲ. ತಾಯಂದಿರು ಮೆಲ್ಲಗೆ ಚಪ್ಪಲಿ ಹುಡುಕಿಕೊಂಡು ಹೊರಟುಬಿಡುತ್ತಿದ್ದರು. ಒಲೆಯ ಮೇಲೆ ಹಾಲು, ಹೊಲದಲ್ಲಿ ಆಳು, ಬಾಗಿಲಲ್ಲಿ ಅತ್ತೆ. ಅವರ ಕಾರಣಗಳೂ ಸುಳ್ಳಲ್ಲ.

ಹೀಗೆ ನಾನು ಆ ಕೆಲಸಕ್ಕೆ ಬಿದ್ದೆ. ಗುರುವಾರ ಗಿರಣಿಗೆ ಸೂಟಿ. ಬಾಗಿಲ ಪಕ್ಕದ ಕಲ್ಲಿನ ಮೇಲೆ, ಗಡಿಯಾರದ ಕೆಳಗೆ ನನ್ನ ಜಾಗ. ಎದ್ದವರಿಗೆ "ಕುಂದರ್ರಿ ತಂಗಿ, ಇನ್ನೂ ಐತಿ" ಅನ್ನುವುದು. ಒಳಗಿನಿಂದ ಗಿರಿಜಾ ಆಗಾಗ ಕೂಗುತ್ತಿದ್ದಳು:

"ಎಷ್ಟಾತ್ರೀ?"

"ಇನ್ನೂ ಐತಿ."

ಮತ್ತೆ ಸ್ವಲ್ಪ ಹೊತ್ತಿಗೆ, "ಎಷ್ಟಾತ್ರೀ?"

"ಆತು. ಬಿಡ್ಲೇನ?"

ಆಗ ಅವಳು ಬಾಗಿಲಿಗೆ ಬಂದು, ಕೂಸಿನ ಹಣೆ ಮುಟ್ಟಿ, ಕಣ್ಣು ನೋಡಿ, "ಹೋಗ್ರಿ ಇನ್ನ. ಸೂಜಿ ಮಾಡಿದ ಜಾಗಾಕ್ಕ ಅರಿಷಿಣ ಹಚ್ಚಬ್ಯಾಡ್ರಿ, ಕಾವು ಕೊಡಬ್ಯಾಡ್ರಿ," ಅನ್ನುತ್ತಿದ್ದಳು. ಅವರು ಹೂಂ ಅಂದು ಹೋಗಿ ಅರಿಷಿಣ ಹಚ್ಚುತ್ತಿದ್ದರು.

ನಾನು ಈ ಕೆಲಸಕ್ಕೆ ತಕ್ಕವನಾಗಿದ್ದೆ ಎಂದು ಹೇಳಲಾರೆ. ಗಿರಣಿಯವನ ಹಿಟ್ಟು ಸ್ನಾನಕ್ಕೆಲ್ಲ ಹೋಗುವುದಿಲ್ಲ. ಕಿವಿಯಲ್ಲಿ, ಹುಬ್ಬಿನಲ್ಲಿ, ಅಂಗಿಯ ಹೊಲಿಗೆಯಲ್ಲಿ ಉಳಿದೇ ಇರುತ್ತದೆ. ಮಕ್ಕಳಿಗೆ ಮೈಯೆಲ್ಲ ಬೆಳ್ಳಗಿರುವವನು ಡಾಕ್ಟರ. ಒಳಗೆ ಸೂಜಿ ಹಿಡಿದ ಗಿರಿಜಾ ಹಸಿರು ಸೀರೆ ಉಟ್ಟು ನಗುತ್ತ ಇರುತ್ತಿದ್ದಳು; ಅವಳ ಹತ್ತಿರ ಸುಮ್ಮನೆ ಹೋದ ಕೂಸುಗಳು ಹೊರಗೆ ಬಂದು ನನ್ನನ್ನು ಕಂಡು ಚೀರುತ್ತಿದ್ದವು. ಸ್ವಲ್ಪ ದೊಡ್ಡವು ಊರಲ್ಲಿ ಗಿರಣಿಯ ಮುಂದೆ ಹಾಯುವಾಗ ತೊಡೆ ಮುಚ್ಚಿಕೊಂಡು ಓಡುತ್ತಿದ್ದವು. ಗಿರಿಜಾಗೆ ಇದರಿಂದ ಬಹಳ ಸಮಾಧಾನವಿತ್ತು. "ಸೂಜಿ ನಾ ಮಾಡ್ತೇನಿ, ಬೈಸ್ಕೊಳ್ಳಾಕ ನೀವಿದ್ದೀರಿ," ಅನ್ನುತ್ತಿದ್ದಳು.

ಸೂಜಿಗೆ ಹೆದರುವುದರಲ್ಲಿ ನನಗೂ ಅನುಭವವಿದೆ. ನಮ್ಮ ತೋಳಿನ ಮೇಲೆ ಎರಡು ದುಂಡನೆಯ ಕಲೆಗಳಿವೆ ನೋಡಿ, ನನ್ನ ವಯಸ್ಸಿನವರಿಗೆಲ್ಲ ಇರುತ್ತವೆ, ಸಿಡುಬಿನ ಅಚ್ಚು ಅನ್ನುತ್ತೇವೆ. ಅಚ್ಚು ಹಾಕುವವರು ಬರುತ್ತಿದ್ದಾರೆಂದು ಗೊತ್ತಾದರೆ ನಾವು ಸೋದರರೆಲ್ಲ ಕಬ್ಬಿನ ಹೊಲಕ್ಕೆ. ಹಸಿವಾದರೆ ಅಲ್ಲೇ ಕಬ್ಬು. ನಮ್ಮ ಅವ್ವ ಹುಡುಕುತ್ತಿರಲಿಲ್ಲ. ಹೊಲದ ಬದುವಿನಲ್ಲಿ ನಿಂತು, "ಒಗ್ಗರಣಿ ಮಂಡಕ್ಕಿ ಮಾಡೇನಿ, ಮಿರ್ಚಿ ಕರದೇನಿ" ಎಂದು ಯಾರಿಗೋ ಹೇಳುವಂತೆ ಗಟ್ಟಿಯಾಗಿ ಹೇಳಿ ಮನೆಗೆ ಹೋಗುತ್ತಿದ್ದಳು. ಮೊದಲು ಹೊರಬರುತ್ತಿದ್ದವನು ನಾನು. ಅಚ್ಚು ಹಾಕುವಾಗ ತೋಳು ಜಗ್ಗಿದ್ದರಿಂದ ನನ್ನ ಎರಡನೆಯ ಕಲೆ ಸೊಟ್ಟ. ಮದುವೆಯಾದ ಹೊಸತರಲ್ಲಿ ಗಿರಿಜಾ ಅದನ್ನು ನೋಡಿ ಬೇರೇನೂ ಕೇಳದೆ, "ಎಷ್ಟು ಮಂದಿ ಹಿಡಿದಿದ್ರು?" ಎಂದು ಮಾತ್ರ ಕೇಳಿದ್ದಳು.

ಅಡಗುವ, ಅಡಗಿಸಿಡುವ ವಿದ್ಯೆ ನನ್ನ ಕಾಲಕ್ಕೇ ಮುಗಿಯಲಿಲ್ಲ. ನಮ್ಮ ಓಣಿಯ ನೀಲವ್ವಾಯಿ ಮೊದಮೊದಲು ಮೊಮ್ಮಕ್ಕಳಿಗೆ ಸೂಜಿ ಮಾಡಿಸಲು ಒಪ್ಪುತ್ತಿರಲಿಲ್ಲ. ಗಿರಿಜಾ ಮನೆಗೇ ಹೋದರೆ, "ಕೂಸು ತವರಮನಿಗೆ ಹೋಗೇತ್ರಿ ಅಕ್ಕಾರ," ಅನ್ನುವಳು. ಗಿರಿಜಾ "ಹೋಗಲಿ ಬಿಡು" ಎಂದು ಎದ್ದು ಬರುತ್ತಿರಲಿಲ್ಲ. ಕುಳಿತು ಸೊಸೆಯ ಬೆನ್ನುನೋವು, ಎಮ್ಮೆಯ ಹಾಲು, ಹಾನಗಲ್ ಸಂತೆಯ ಉಳ್ಳಾಗಡ್ಡಿ ಎಂದು ಮಾತಾಡುತ್ತ ಇರುವಳು. ಒಂದು ಸಲ ಹಾಗೆ ಕುಳಿತಿದ್ದಾಗ ಜೋಳ ತುಂಬುವ ವಾಡೆಯ ಹಿಂದಿನಿಂದ ಸೀನಿದ ಸದ್ದು ಬಂತು.

"ಬೆಕ್ಕರಿ ಅದು," ಅಂದಳು ನೀಲವ್ವಾಯಿ.

"ತಗೊಂಡ ಬಾ ಯವ್ವಾ, ಬೆಕ್ಕಿಗೂ ಸೂಜಿ ಮಾಡ್ತೇನಿ," ಅಂದಳು ಗಿರಿಜಾ.

ಸೊಸೆ ನಕ್ಕುಬಿಟ್ಟಳು. ಸೊಸೆ ನಕ್ಕ ಮೇಲೆ ಅತ್ತೆ ಸೋತಂತೆಯೇ. ಅಂದಿನಿಂದ ನೀಲವ್ವಾಯಿ ಗಿರಿಜಾಳ ಪಕ್ಷ. ಊರಲ್ಲಿ ಯಾರು ಸೂಜಿಗೆ ತಪ್ಪಿಸಿಕೊಂಡರೂ ಅವರ ವಾಡೆಯ ಹಿಂದೆ ಇಣುಕುವವಳು ಅವಳೇ. ಆ ಒಂದು ಸೂಜಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿದರೆ ನಾನು ಏನು ಹೇಳಲಿ? ಚುಚ್ಚಲು ಕಣ್ಣು ಮಿಟುಕಿಸುವಷ್ಟು. ಸೀನುವವರೆಗೆ ಕಾಯಲು ಅರ್ಧ ದಿನ.

ಕಾಯುವುದು ಇನ್ನೊಂದು ಬಗೆಯಲ್ಲೂ ಇತ್ತು. ಕೆಲವು ಲಸಿಕೆಗಳ ಒಂದೇ ಶೀಶೆಯಲ್ಲಿ ಹಲವು ಕೂಸುಗಳಿಗೆ ಆಗುವಷ್ಟು ಮದ್ದು ಇರುತ್ತದೆ. ಒಮ್ಮೆ ಬಿಚ್ಚಿದರೆ ಕೆಲವು ತಾಸಿನೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಬೆಳಗ್ಗೆ ಒಬ್ಬಳು ಬಂದರೆ ಗಿರಿಜಾ ಬಿಚ್ಚುತ್ತಿರಲಿಲ್ಲ. ಇನ್ನಷ್ಟು ಮಂದಿ ಕೂಡಲಿ ಎಂದು ಕಾಯುತ್ತಿದ್ದಳು. ಬಂದವಳನ್ನು ಕಳಿಸುತ್ತಲೂ ಇರಲಿಲ್ಲ. ತಿರುಗಿ ಹೋದವಳು ಮತ್ತೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಆ ಮೊದಲ ತಾಯಿಗೆ ಯಾವ ಲೆಕ್ಕಕ್ಕೂ ಸೇರದ ಆ ಅರ್ಧ ದಿನವನ್ನು ಕಳೆಯಲು ಕಥೆ ಹೇಳಬೇಕು, ಚಹಾ ತರಿಸಬೇಕು. ಗುರುವಾರ ಅಮಾವಾಸ್ಯೆ ಬಂದರಂತೂ ಮುಗಿಯಿತು. ಲಸಿಕೆ ಇಟ್ಟ ಐಸಿನ ಪೆಟ್ಟಿಗೆ, ಗಿರಿಜಾ, ನಾನು, ಗಡಿಯಾರ, ಇಷ್ಟೇ. ಅಮಾವಾಸ್ಯೆಯ ದಿನ ಸೂಜಿ ಮಾಡಿಸಿದರೆ ಕೂಸಿಗೆ ಜ್ವರ ಬಿಡುವುದಿಲ್ಲ ಎಂದು ನಮ್ಮ ಕಡೆ ನಂಬಿಕೆ. ಬಿಡದ ಜ್ವರವನ್ನು ಯಾರೂ ಕಂಡಿಲ್ಲ, ಏಕೆಂದರೆ ಅಂದು ಯಾರೂ ಮಾಡಿಸುವುದಿಲ್ಲ.

ಗಿರಿಜಾ ಬಹಳ ದಿನದಿಂದ ಡಾಕ್ಟರ್ ಸಾಹೇಬರ ಹತ್ತಿರ ಒಂದೇ ಮಾತು ಕೇಳುತ್ತಿದ್ದಳು. ಪಕ್ಕದ ಊರಿನ ಉಪಕೇಂದ್ರಕ್ಕೆ ಸಿಸ್ಟರ್ ಇರಲಿಲ್ಲ. ಅದನ್ನೂ ಅವಳೇ ನೋಡಬೇಕಿತ್ತು. ಅಲ್ಲಿಗೊಬ್ಬರು ಬಂದರೆ ಒಬ್ಬರಿಗೊಬ್ಬರು ಆಗುತ್ತಾರೆ; ಒಂದು ಗುರುವಾರ ಆಕೆ ಎರಡೂ ಕಡೆ ನೋಡಿಕೊಂಡರೆ ತಾನು ಸವಣೂರಿಗೆ ಹೋಗಿ ಬರಬಹುದು. ಚಿನ್ನು ಹುಟ್ಟಿದ ಮೇಲೆ ಆ ಮಾತಿಗೆ ಜೋರು ಬಂತು. ಒಂದು ದಿನ ಡಾಕ್ಟರ್ ಸಾಹೇಬರು ಕರೆದು ಹೇಳಿದರಂತೆ: ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಕೇಂದ್ರಗಳಿಗೆ ಹೊತ್ತು ನೋಡುವವರು ಬರುತ್ತಾರೆ. ಒಂದು ಕೂಸಿಗೆ ಲಸಿಕೆ ಹಾಕಲು ಸಿಸ್ಟರ್‌ಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಬರೆದುಕೊಳ್ಳುತ್ತಾರೆ. ಕೆಲಸ ಒಬ್ಬರ ಕೈ ಮೀರಿದೆ ಎಂದು ಅದರಲ್ಲಿ ಕಂಡರೆ ತಾವೇ ಅದನ್ನು ಮೇಲಿನವರ ಮುಂದೆ ಇಟ್ಟು ಇನ್ನೊಬ್ಬ ಸಿಸ್ಟರನ್ನು ಕೇಳುತ್ತಾರೆ.

ಗಿರಿಜಾ ಅಂದು ಹುರುಪಿನಿಂದ ಬಂದಳು. "ಬಂದು ಒಂದು ಗುರುವಾರ ನೋಡ್ಲಿ ಸಾಕ್ರಿ. ನಾ ಬಾಯಿ ಬಿಡೂದ ಬ್ಯಾಡ," ಅಂದಳು.

ನಮ್ಮೂರಿಗೆ ಬಂದದ್ದು ಮೈಸೂರು ಕಡೆಯ ಹುಡುಗಿ. ಕೈಯಲ್ಲಿ ಫೋನು, ಬಹಳ ಮರ್ಯಾದೆಯ ಮಾತು. ಅವಳು ಬರುವ ಸುದ್ದಿ ಅವಳಿಗಿಂತ ಮೊದಲೇ ಊರಲ್ಲಿ ಹಬ್ಬಿತ್ತು. ಆದರೆ ನಮ್ಮೂರಲ್ಲಿ ಸುದ್ದಿ ಒಂದು ಓಣಿಯಿಂದ ಇನ್ನೊಂದು ಓಣಿಗೆ ಹೋಗುವಾಗ ಅಂಗಿ ಬದಲಿಸುತ್ತದೆ. ನೀಲವ್ವಾಯಿಯ ಓಣಿ ಮುಟ್ಟುವಷ್ಟರಲ್ಲಿ ಅದು ಹೀಗಾಗಿತ್ತು: "ನಮ್ಮ ಅಕ್ಕಾರ ಪರೀಕ್ಷಾ ಐತಿ. ತಡಾ ಆದ್ರ ಅಕ್ಕಾರನ್ನ ಬ್ಯಾರೆ ಊರಿಗೆ ಒಗೀತಾರ."

ಆ ಗುರುವಾರ ನಾನು ಕಂಡದ್ದನ್ನು ಹಿಂದೆ ಕಂಡಿರಲಿಲ್ಲ. ನಾವು ಬೀಗ ತೆಗೆಯುವ ಮೊದಲೇ ಪಡಸಾಲೆ ತುಂಬಿತ್ತು. ಎಲ್ಲ ಕೂಸುಗಳಿಗೆ ಸ್ನಾನವಾಗಿತ್ತು, ಕಾಡಿಗೆ ಹಚ್ಚಿದ್ದರು, ತಲೆಗೆ ಹೊಸ ಕುಲಾಯಿ ಕಟ್ಟಿದ್ದರು. ತಾಯಂದಿರು ಇಳಕಲ್ ಸೀರೆ ಉಟ್ಟಿದ್ದರು. ಎಲ್ಲರ ಕೈಯಲ್ಲೂ ತಾಯಿ ಕಾರ್ಡು; ಲಸಿಕೆ ಬರೆಸಲು ಬೇಕಾದ, ಯಾವಾಗಲೂ ಮನೆಯಲ್ಲಿ ಮರೆತು ಬರುವ ಕಾರ್ಡು. ನೀಲವ್ವಾಯಿ ಮದುವೆಯ ಮನೆಯ ಹಿರಿಯಳಂತೆ ಬಾಗಿಲಲ್ಲಿ ನಿಂತಿದ್ದಳು. "ನೀ ಮುಂದ ಬಾ. ನಿಂದು ಚಡ್ಡಿ ಬಿಚ್ಚಿ ತಯಾರ್ ಇಟಗೋ. ಏ ಹುಡುಗಿ, ನಿನ್ನ ಕೂಸಿಗೆ ಬಾಯಾಗ ಸಕ್ರಿ ಹಾಕು, ಅಳಸಬ್ಯಾಡ."

ಶೀಶೆ ಬಿಚ್ಚಿದ್ದೊಂದೇ ತಡ, ಸಾಲು ಹರಿಯಿತು. ಯಾರೂ ಜಗಳವಾಡಲಿಲ್ಲ, ಯಾರೂ ತಡಮಾಡಿ ಬರಲಿಲ್ಲ. ಸೂಜಿಯಾದವರು ತಾವಾಗಿಯೇ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ಕುಳಿತರು. ನಾನು "ಕುಂದರ್ರಿ" ಅನ್ನುವ ಪ್ರಸಂಗವೇ ಬರಲಿಲ್ಲ. ಹುಡುಗಿ ಫೋನು ಒತ್ತುತ್ತ ಒಳಗೆ ಹೊರಗೆ ಓಡಾಡಿದಳು. ನನ್ನನ್ನು ಕಂಡು ನಿಂತಳು.

"ಸರ್, ನೀವು ಇಲ್ಲಿ ಸ್ಟಾಫಾ?"

"ಅಲ್ಲರೀ, ನಾ ಗಿರಣಿಯಾಂವ."

"ಅವ್ರು ನಮ್ಮ ಮನಿಯವ್ರು," ಎಂದು ಒಳಗಿನಿಂದ ಗಿರಿಜಾ.

ಹುಡುಗಿ ಸ್ವಲ್ಪ ಯೋಚಿಸಿ, "ಹಾಗಾದ್ರೆ ನಿಮ್ಮ ಟೈಮ್ ಬರ್ಕೊಳೋಕಾಗಲ್ಲ ಸರ್, ಬೇಜಾರು ಮಾಡ್ಕೋಬೇಡಿ," ಅಂದಳು. ನನಗೆ ಬೇಜಾರಾಗಲಿಲ್ಲ. ಜೀವನದಲ್ಲಿ ಮೊದಲ ಸಲ ನನ್ನ ಹೊತ್ತನ್ನು ಯಾರೋ ಬರೆದುಕೊಳ್ಳುವ ಯೋಚನೆಯನ್ನಾದರೂ ಮಾಡಿದ್ದರು.

ಊಟದ ಹೊತ್ತಿಗೆ ಎಲ್ಲ ಮುಗಿದಿತ್ತು. ಗಿರಿಜಾ ಗುರುವಾರ ಮಧ್ಯಾಹ್ನ ಡಬ್ಬಿ ಬಿಚ್ಚಿದ್ದನ್ನು ನಾನು ಕಂಡದ್ದು ಅಂದು ಮಾತ್ರ. ಹುಡುಗಿಗೂ ಒಂದು ರೊಟ್ಟಿ ಕೊಟ್ಟಳು. ಹುಡುಗಿ ಹೋಗುವಾಗ, "ಇಷ್ಟು ಶಿಸ್ತಿನ ಊರು ನಾನು ಎಲ್ಲೂ ನೋಡಿಲ್ಲ ಮೇಡಂ. ನಿಮ್ಮ ಕೆಲಸ ತುಂಬಾ ಸಲೀಸು," ಅಂದಳು. ಅವಳು ಕಂಡದ್ದನ್ನು ಹೇಳಿದಳು. ಮರುದಿನ ಅವಳಿಗೆ ಶಿಗ್ಗಾಂವಿ ಕಡೆಯ ಕೆಲಸವಿತ್ತು.

ಸಂಜೆ ನಾನು ಕೇಳಿದೆ: "ದಿನಾ ಹಿಂಗ ಇರೂದಿಲ್ಲ ಅಂತ ಆಕಿಗೆ ಹೇಳಬೇಕಿತ್ತಿಲ್ಲೇನ?"

"ಹೇಳಬೇಕಂತ ಬಾಯಿ ತೆರದ್ನಿರಿ," ಅಂದಳು. "ಬಾಗಲ್ದಾಗ ನೀಲವ್ವಾಯಿ ನಿಂತಿದ್ಲು. ಆಕಿ ಮಾರಿ ನೋಡಿದ್ನಿ. ಮಗಳು ಪಾಸಾದಂಗ ನಿಂತಿದ್ಲರಿ. ನಾಲಿಗಿ ಏಳಲಿಲ್ಲ."

ಮುಂದೆ ಕೆಲವು ತಿಂಗಳ ಮೇಲೆ ಡಾಕ್ಟರ್ ಸಾಹೇಬರು ತಲೆ ತುರಿಸಿಕೊಳ್ಳುತ್ತ, "ನಿಮ್ಮ ಕೇಂದ್ರದ್ದ ಎಲ್ಲಾರಕ್ಕಿಂತ ಕಡಿಮಿ ಹೊತ್ತು ಬಂದೈತಲ್ರಿ ಸಿಸ್ಟರ್. ಇನ್ನ ನಾ ಯಾವ ಬಾಯಿಲೆ ಕೇಳ್ಲಿ?" ಅಂದರಂತೆ. ಗಿರಿಜಾ ಮನೆಗೆ ಬಂದು ಹೇಳುತ್ತ ಹೇಳುತ್ತ ನಗತೊಡಗಿದಳು. ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡು, "ನಮ್ಮೂರ ಮಂದಿ ಪ್ರೀತಿ ಭಾಳ ತುಟ್ಟಿರಿ," ಅಂದಳು. ಆ ಕಣ್ಣೊರೆಸಿದ್ದರಲ್ಲಿ ನಗು ಎಷ್ಟಿತ್ತು ಎಂದು ನಾನು ಕೇಳಲಿಲ್ಲ.

ನೀಲವ್ವಾಯಿಗೆ ನಾವು ಈ ಸಂಗತಿ ತಿಳಿಸಲಿಲ್ಲ. ಅವಳು ಗಿರಿಜಾಳ ಮಣ್ಣಿಗೆ ಬಂದಾಗಲೂ ನಾಲ್ಕು ಜನರ ಮುಂದೆ ಅದನ್ನೇ ಹೇಳಿಕೊಂಡು ಅತ್ತಳು: "ಪರೀಕ್ಷಾದಾಗ ನಮ್ಮ ಅಕ್ಕಾರ ನಂಬರ್ ಒಂದು ಬಂದಿದ್ರು." ಹೌದೆಂದೆ. ಸುಳ್ಳಲ್ಲವಲ್ಲ.

ಇನ್ನೊಬ್ಬ ಸಿಸ್ಟರ್ ಬರುವ ಆಸೆ ಬಿಟ್ಟ ಮೇಲೆ, ಒಂದು ದಿನದ ಮಟ್ಟಿಗಾದರೂ ಬೇರೆಯವರನ್ನು ಕಳಿಸಿ ಎಂದು ಗಿರಿಜಾ ಕೇಳುತ್ತ ಬಂದಳು. ಆ ಕೊನೆಯ ಗುರುವಾರ ಅವಳಿಗೆ ಸಿಕ್ಕದ್ದು ಆ ಒಂದು ದಿನ. ಮುಂದಿನ ಗುರುವಾರ ಡಾಕ್ಟರ್ ಸಾಹೇಬರು ಮಾತಿನಂತೆ ಬೇರೆ ಸಿಸ್ಟರನ್ನು ಕಳಿಸಿದರು. ಆಕೆ ಹಿರೇಕೆರೂರು ಕಡೆಯವಳು, ಸಣ್ಣ ವಯಸ್ಸು. ಈಗ ನಮ್ಮೂರು, ಪಕ್ಕದೂರು, ತನ್ನ ಊರು, ಮೂರನ್ನೂ ಅವಳೇ ನೋಡುತ್ತಾಳೆ.

ಚಿನ್ನುವಿನ ಲಸಿಕೆ ತಡವಾಯಿತು. ಕಾರ್ಯವೆಲ್ಲ ಮುಗಿದ ಮೇಲೆ ಸುಮಾ ಫೋನು ಮಾಡಿದಳು. "ಅವ್ವ ಇದ್ದಿದ್ರ ಬೈತಿದ್ಲಪ್ಪಾ. ಈ ಗುರುವಾರ ಮಾಡಿಸ್ತೇನಿ, ನೀನರ ಬಾ."

ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ ಹೋದೆ. ಸವಣೂರಿನಲ್ಲಿ ಇಳಿದಾಗ, ಬೇಡವೆಂದರೂ ಕೈ ತಾನೇ ಒಂದು ಪೊಟ್ಟಣ ಕುರುಕಲು ಖಾರಾ ತೆಗೆದುಕೊಂಡಿತು. ಗಿರಿಜಾಗೆ ಅದು ಸೇರುತ್ತಿತ್ತು, ನನಗೆ ಹಲ್ಲಿಲ್ಲ.

ಆಸ್ಪತ್ರೆಯಲ್ಲಿ ಮಂದಿ ಬಹಳ. ಒಳಗೆ ಸೂಜಿ ಹಾಕುವವಳು ಒಬ್ಬಳೇ. ಅವಳು ಚಿನ್ನುವಿನ ತೊಡೆ ಹಿಡಿದು, ಕ್ಷಣದಲ್ಲಿ ಮುಗಿಸಿ, "ಅರ್ಧ ತಾಸು ಹೊರಗ ಕುಂತು ಹೋಗ್ರಿ," ಎಂದು ಮುಂದಿನ ಕೂಸಿನತ್ತ ಕೈ ಚಾಚಿದಳು. ಕೈ ಚೆನ್ನಾಗಿತ್ತು. ಗಿರಿಜಾ ನೋಡಿದ್ದರೆ ಒಪ್ಪುತ್ತಿದ್ದಳು. ಚಿನ್ನು ಸೂಜಿಗೆ ಅತ್ತದ್ದು ಸ್ವಲ್ಪ. ನನ್ನನ್ನು ನೋಡಿ ಅಳಲಿಲ್ಲ. ಗಿರಣಿ ಬಂದ್ ಇಟ್ಟು ಬಹಳ ದಿನವಾಗಿತ್ತು, ನನ್ನ ಮೈಮೇಲೆ ಹಿಟ್ಟಿರಲಿಲ್ಲ.

ಹೊರಗೆ ಬಾಕಿನ ಮೇಲೆ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತೆ. ಎದುರಿಗೆ ಗೋಡೆ ಗಡಿಯಾರವಿತ್ತು. ಪಕ್ಕದ ಹೆಣ್ಣುಮಗಳೊಬ್ಬಳು ಕೂಸನ್ನು ಹೆಗಲಿಗೆ ಹಾಕಿ ಎದ್ದಳು.

"ಕುಂದರ್ರಿ ತಂಗಿ, ಇನ್ನೂ ಐತಿ," ಅಂದೆ.

ಅವಳು ನನ್ನನ್ನು ಮೇಲೆ ಕೆಳಗೆ ನೋಡಿದಳು. "ನೀವ್ಯಾರ್ರಿ?"

"ನಾ ಗಿರಣಿಯಾಂವ್ರಿ."

ಅವಳು ಕೂಸನ್ನು ಮತ್ತೆ ತೊಡೆಗೆ ಇಳಿಸಿ ಕುಳಿತಳು. ಸುಮಾ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. ಅವ್ವನ ನಗು ಅವಳಿಗೆ ಬಂದಿದೆ.

ಚಿನ್ನುವಿಗೆ ನಿದ್ದೆ ಹತ್ತಿತು. ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಮೈಮೇಲೆ ಏನೂ ಎದ್ದಿರಲಿಲ್ಲ, ಉಸಿರು ನೆಟ್ಟಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಸುಮಾ ಚೀಲ ಹೆಗಲಿಗೇರಿಸಿ, "ಅಪ್ಪಾ, ಅರ್ಧ ತಾಸಿನ ಮ್ಯಾಲೇ ಆತು. ಏಳು," ಅಂದಳು.

ಆಗಿತ್ತು. ಗಡಿಯಾರ ನನ್ನ ಎದುರಿಗೇ ಇತ್ತು. ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕುಳಿತಿದ್ದೆ. ಎಷ್ಟಾಯಿತೆಂದು ಒಳಗಿನಿಂದ ಯಾರೂ ಕೇಳಿರಲಿಲ್ಲ.